ಪಾಲೇಜಿನಲ್ಲಿ ನಿಲ್ಲದ ಗೆರೆ

ಉಧ್ನಾ, ಸೂರತ್
3 ಆಗಸ್ಟ್ 2025

ಅರ್ಚಿತಾ ಮಗಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಿತು, ಇನ್ನರ್ಧವನ್ನು ನಮ್ಮ ಹೋಟೆಲಿನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನುಂಗಿತು. ಕೇಳಿಸಿದ್ದು ಇಷ್ಟು: ಅಮ್ಮ ಬೆಳಿಗ್ಗೆ ಸೈಕಲ್ ಹತ್ತಿ ಎಲ್ಲಿಗೆ ಹೋಗುತ್ತಾಳೆ, ಎಷ್ಟು ದೂರ ಹೋಗುತ್ತಾಳೆ ಎಂದು ಅಹಮದಾಬಾದಿನಲ್ಲಿ ಕುಳಿತ ಮಗಳಿಗೆ ಗೊತ್ತಾಗಬೇಕು. ಅದಕ್ಕೆ ನಾನು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಳ್ಳಬೇಕು.

ಹಾಕಿಕೊಳ್ಳುತ್ತೇನೆ. ಆದರೆ ಪುಕ್ಕಟೆಯಾಗಿ ಅಲ್ಲ. ಪ್ರತಿಯಾಗಿ ನೀನು ನನಗೆ ಕನ್ನಡದಲ್ಲಿ, ಕೈಯಾರೆ, ಕಾಗದ ಬರೆಯಬೇಕು. ನೀನು ಹುಟ್ಟಿದ್ದೂ ಬೆಳೆದದ್ದೂ ಸೂರತ್ತಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ನಮ್ಮ ಡಬ್ಬಿಗಳ ಮೇಲಿನ ಚೀಟಿಗಳಿಂದ: ಉದ್ದು, ಮೆಂತೆ, ಜೀರಿಗೆ. ಅಲ್ಲಿಗೇ ನಿಲ್ಲಿಸಿದರೆ ನಿನ್ನ ಕನ್ನಡ ಸಾಂಬಾರಿಗಷ್ಟೇ ಸಾಕಾಗುತ್ತದೆ. ಸಂಶೋಧನಾ ಸಂಸ್ಥೆಯಲ್ಲಿ ಉಪಗ್ರಹಗಳ ಮಾತು ಅರ್ಥ ಮಾಡಿಕೊಳ್ಳುವವಳಿಗೆ ಅಮ್ಮನ ಮಾತು ಬರೆಯಲು ಕಷ್ಟವೇನು?

ಸೈಕಲ್ಲಿನ ಸುದ್ದಿ: ನೀನು ಬಿಟ್ಟುಹೋದ ಗೇರಿನ ಸೈಕಲ್ಲೇ. ಡಾಕ್ಟರು ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದರು, ನನಗೆ ನಡೆದರೆ ಬೇಸರ. ಭಾನುವಾರ ಇಡ್ಲಿಗೆ ಬರುವ ಹೇತಲ್‌ಬೆನ್ ಇದ್ದಾರಲ್ಲ, ಸೀರೆ ಕಾರ್ಖಾನೆಯವರು, ಅವರ ಜತೆ ಹೊರಟೆ. ಮೊದಲ ದಿನ ನಿನ್ನ ಅಪ್ಪಯ್ಯ ಕೌಂಟರಿನಿಂದ ಎದ್ದು ಬಂದು, "ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ಸೈಕಲ್ಲಾ? ಬಿದ್ದರೆ ನಾಳೆ ಸಾಂಬಾರಿಗೆ ಯಾರು?" ಎಂದರು. ಬಿದ್ದರೆ ಎತ್ತುವವರು ಯಾರು ಎಂದು ಕೇಳಲಿಲ್ಲ. ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಬೀಳಲೂ ಇಲ್ಲ.

ನಿನ್ನ ಕಾಗದ ಬರುವವರೆಗೆ ಆ್ಯಪ್ ಇಲ್ಲ.

ಹಠಮಾರಿ,
ಅಮ್ಮ


ಮಣಿನಗರ, ಅಹಮದಾಬಾದ್
17 ಆಗಸ್ಟ್ 2025

ಅಮ್ಮ,

ಈ ಕಾಗದ ಬರೆಯಲು ಎರಡು ಸಂಜೆ ಬೇಕಾಯಿತು. ನನ್ನ ರೂಮಿನವಳು ನೋಡಿ, "ಜಲೇಬಿ ಬರೀತಾ ಇದ್ದೀಯಾ?" ಎಂದು ಹಿಂದಿಯಲ್ಲಿ ಕೇಳಿದಳು. ನಗಬೇಡ.

ಮೂರು ಆ್ಯಪ್ ಹೇಳುತ್ತೇನೆ. ಹೆಸರು ಫೋನಿಗೆ ಕಳಿಸಿದ್ದೇನೆ. ಒಂದರಲ್ಲಿ ತುಂಬ ಜನ ಇದ್ದಾರೆ, ಎಲ್ಲರೂ ಎಲ್ಲರ ಸವಾರಿ ನೋಡುತ್ತಾರೆ. ನೀನು ಎಲ್ಲಿದ್ದೀ ಎಂದು ನನಗೆ ಆಫೀಸಿನಲ್ಲೇ ಕಾಣುತ್ತದೆ. ಇನ್ನೊಂದು ದಾರಿಯಲ್ಲಿ ಮಾತಾಡುತ್ತದೆ, ವೇಗ ಹೇಳುತ್ತದೆ. ಮೂರನೆಯದು ಚಿಕ್ಕದು. ಅದು ಯಾರಿಗೂ ಏನೂ ಹೇಳುವುದಿಲ್ಲ. ದಾರಿಯನ್ನು ಗೆರೆ ಎಳೆದು ನಿನ್ನ ಫೋನಿನಲ್ಲೇ ಇಡುತ್ತದೆ.

ನನಗೆ ಮೊದಲನೆಯದು ಇಷ್ಟ. ಏಕೆಂದರೆ ನನಗೆ ಹೆದರಿಕೆ. ಆ ರಸ್ತೆಯ ಲಾರಿಗಳನ್ನು ನಾನು ನೋಡಿದ್ದೇನೆ. ಹೆದರಿಕೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ನೀನು ಬೈಯುತ್ತೀ, ಕನ್ನಡದಲ್ಲಿ ಬರೆದರೆ ಬೈಯಲಿಕ್ಕಿಲ್ಲ ಎಂದು ಬರೆದೆ.

ನಿನ್ನ ಮಗಳು,
ಅರ್ಚಿತಾ


ಉಧ್ನಾ
7 ಸೆಪ್ಟೆಂಬರ್ 2025

ಜಲೇಬಿ ಬರೆಯುವವಳೇ,

ನಿನ್ನ ಕಾಗದವನ್ನು ಅಪ್ಪಯ್ಯ ಎರಡು ಸಲ ಓದಿದರು. ಆಮೇಲೆ ಕೌಂಟರಿನ ಗಾಜಿನ ಕೆಳಗೆ ಇಟ್ಟರು. ಈಗ ಬಿಲ್ ಕೊಡಲು ಬರುವ ಗುಜರಾತಿಗಳೆಲ್ಲ ಅದನ್ನು ನೋಡಿಯೇ ಹೋಗಬೇಕು.

ನಿನ್ನ ಆ್ಯಪ್‌ಗಳನ್ನು ನಾನು ಅಕ್ಕಿ ಪರೀಕ್ಷಿಸುವಂತೆ ಪರೀಕ್ಷಿಸಿದೆ. ಹೊಸ ಅಕ್ಕಿ ಬಂದರೆ ನಾವೇನು ಮಾಡುತ್ತೇವೆ? ಅದೇ ಉದ್ದು, ಅದೇ ನೀರು, ಅದೇ ಹೊತ್ತು. ಅಕ್ಕಿ ಮಾತ್ರ ಬೇರೆ. ಹಾಗೆಯೇ ಮೂರನ್ನೂ ಒಟ್ಟಿಗೆ ಶುರು ಮಾಡಿ ಹೋಟೆಲಿನಿಂದ ಸಚಿನ್ ಊರಿನವರೆಗೆ ಹೋಗಿ ಬಂದೆ. ಕಾರ್ಖಾನೆಗಳ ಸಾಲು ಮುಗಿಯುವ ಹೊತ್ತಿಗೆ ಬ್ಯಾಟರಿ ಅರ್ಧ, ಹೋಟೆಲಿನ ಎದುರು ಇಳಿಯುವಾಗ ಫೋನ್ ಕೊನೆಯುಸಿರು.

ಮೂವರಿಗೂ ಹೆಸರಿಟ್ಟಿದ್ದೇನೆ. ಮೊದಲನೆಯದು ಶಹಬ್ಬಾಸ್. ನಾನು ಹೆಲ್ಮೆಟ್ ತೆಗೆಯುವುದರೊಳಗೆ ಹೇತಲ್‌ಬೆನ್ ಅವರ ಐದು ಜನ ಗೆಳತಿಯರು ಚಪ್ಪಾಳೆ ತಟ್ಟಿಯಾಗಿತ್ತು. ಭಾವನಗರದ ಒಬ್ಬ ಅಪರಿಚಿತ ಹೆಬ್ಬೆರಳು ಎತ್ತಿದ್ದ. ಮೂವತ್ತು ವರ್ಷ ಸಾಂಬಾರು ಮಾಡಿದ್ದಕ್ಕೆ ಯಾರೂ ನನಗೆ ಹೆಬ್ಬೆರಳು ಎತ್ತಿರಲಿಲ್ಲ. ನಿನ್ನ ಮನೆ ಎಲ್ಲಿದೆ ಎಂಬುದನ್ನು ಬೇರೆಯವರಿಂದ ಮುಚ್ಚಿಡಲೇ ಎಂದೂ ಅದು ಕೇಳಿತು. ಬೋರ್ಡಿನ ಮೇಲೆ ಎರಡಡಿ ಅಕ್ಷರದಲ್ಲಿ ವಿಳಾಸ ಬರೆಸಿದವರು ಮುಚ್ಚಿಡುವುದೇನನ್ನು?

ಎರಡನೆಯದು ವಾಚಾಳಿ. ಚೀಲದೊಳಗಿನಿಂದ ಒಬ್ಬಳು ಇಂಗ್ಲಿಷಿನಲ್ಲಿ, ನಿನ್ನ ವೇಗ ಕಡಿಮೆಯಾಗಿದೆ, ಕಡಿಮೆಯಾಗಿದೆ ಎನ್ನುತ್ತಲೇ ಇದ್ದಳು. ನನ್ನ ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾಯಿತು, ನನಗೆ ಮತ್ತೊಬ್ಬರು ಬೇಡ.

ಮೂರನೆಯದು ಮೂಕ. ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. ಸುಮ್ಮನೆ ಗೆರೆ ಎಳೆಯಿತು.

ಆದರೆ ಒಂದು ಜಗಳ. ಅದೇ ದಾರಿಯನ್ನು ಒಂದು 22.6 ಎನ್ನುತ್ತದೆ, ಇನ್ನೊಂದು 21.4, ಮೂಕ 22.1. ಅಪ್ಪಯ್ಯ ಸ್ಕೂಟರಿನಲ್ಲಿ ಅಳೆದು ಬಂದು ಇಪ್ಪತ್ತೇ ಎಂದರು. ಆ ಸ್ಕೂಟರಿನ ಮೀಟರು ನೀನು ಹುಟ್ಟುವ ಮೊದಲಿನದು. ಯಾರು ಸುಳ್ಳು ಹೇಳುತ್ತಿದ್ದಾರೆ ಹೇಳು. ನಾನು ತುಳಿದದ್ದು ಒಂದೇ ದಾರಿ.

ನ್ಯಾಯ ಕೇಳುತ್ತಿರುವ,
ಅಮ್ಮ


ಮಣಿನಗರ
21 ಸೆಪ್ಟೆಂಬರ್ 2025

ಅಮ್ಮ,

ಯಾರೂ ಸುಳ್ಳು ಹೇಳುತ್ತಿಲ್ಲ. ಸ್ಕೂಟರ್ ಮಾತ್ರ ಹೇಳುತ್ತಿದೆ.

ಒಂದು ಚಕ್ಕುಲಿ ತಗೋ. ಅದರ ಮೇಲೆ ಉದ್ದಕ್ಕೂ ಅಕ್ಕಿಕಾಳು ಇಡು. ಕಾಳಿನಿಂದ ಕಾಳಿಗೆ ನೇರ ಗೆರೆ ಎಳೆ. ಕಾಳು ಹತ್ತಿರ ಹತ್ತಿರ ಇದ್ದರೆ ಗೆರೆ ಚಕ್ಕುಲಿಯ ಹಾಗೇ ಇರುತ್ತದೆ. ದೂರ ದೂರ ಇದ್ದರೆ ಸುತ್ತು ತಪ್ಪಿಹೋಗುತ್ತದೆ, ಉದ್ದ ಕಡಿಮೆ ಬರುತ್ತದೆ. ಫೋನ್ ಕೂಡ ಹೀಗೇ ಕಾಳು ಇಡುತ್ತದೆ. ಒಂದು ಆ್ಯಪ್ ಸೆಕೆಂಡಿಗೊಂದು ಇಡುತ್ತದೆ, ಅದಕ್ಕೆ ಬ್ಯಾಟರಿ ಬೇಗ ಮುಗಿಯುತ್ತದೆ. ಇನ್ನೊಂದು ಜಿಪುಣ. ಮೂಕ ನಡುವಿನದು. ಫ್ಲೈಓವರ್ ಕೆಳಗೆ, ಎತ್ತರದ ಗೋಡೆಗಳ ನಡುವೆ ಆಕಾಶ ಕಾಣದಿದ್ದರೆ ಎಲ್ಲವೂ ತಪ್ಪುತ್ತವೆ. ನನ್ನ ಕೆಲಸವೇ ಇದು ಅಮ್ಮ. ನಿನಗೆ ಮೊದಲ ಸಲ ಹೇಳಿಕೊಟ್ಟೆ, ಅದೂ ಚಕ್ಕುಲಿಯಲ್ಲಿ!

ಮೂಕನನ್ನು ತಗೊಂಡರೆ ಒಂದು ಮಾತು ಕೇಳು. ಅದರಲ್ಲಿ ಒಂದು ಗುಂಡಿ ಇದೆ. ಆನ್ ಮಾಡಿದರೆ ನೀನು ನಿಂತಾಗ ಅದು ತಾನೇ ನಿಲ್ಲುತ್ತದೆ, ಹೊರಟಾಗ ತಾನೇ ಶುರುವಾಗುತ್ತದೆ. ಅದನ್ನು ಆನ್ ಮಾಡು. ದಯವಿಟ್ಟು.

ಪ್ರೀತಿಯಿಂದ,
ಅರ್ಚಿತಾ


ಉಧ್ನಾ
12 ಅಕ್ಟೋಬರ್ 2025

ಮಗಾ,

ಮೂಕನೇ ಸೈ. ಬಾಕಿ ಎರಡನ್ನೂ ಫೋನಿನಿಂದ ಕಿತ್ತುಹಾಕಿದೆ. ಹೆಬ್ಬೆರಳು ಬಿಟ್ಟುಕೊಡುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹೋದಲ್ಲೆಲ್ಲ ಕಣ್ಣಿಡುವವರು ನನಗೆ ಬೇಡ. ಅಪ್ಪಯ್ಯ ಕೌಂಟರಿನಿಂದ ನೋಡುತ್ತಾರೆ, ನೀನು ಆಕಾಶದಿಂದ ನೋಡಿದರೆ ನನ್ನದು ಅಂತ ಉಳಿಯುವುದು ಎಷ್ಟು ದಾರಿ? ಮನೆಗೆ ಬಂದ ಮೇಲೆ ಗೆರೆಯನ್ನು ನಿನಗೆ ಕಳಿಸುತ್ತೇನೆ. ಅಷ್ಟಕ್ಕೆ ಸಮಾಧಾನ ಮಾಡಿಕೋ.

ನೀನು ಹೇಳಿದ ಗುಂಡಿಯನ್ನು ಆನ್ ಮಾಡಲಿಲ್ಲ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಪಾತ್ರೆ ಇಳಿಸಿದ ಕೂಡಲೇ ಒಲೆ ಆರಿಸುವ ಕೈ ಇದು, ಮೂವತ್ತು ವರ್ಷದ ಅಭ್ಯಾಸ. ಬರೀ ಉರಿಯುವ ಒಲೆ ಕಂಡರೆ ನನಗೆ ಮೈ ಉರಿಯುತ್ತದೆ. ಸೈಕಲ್ಲಿನಿಂದ ಇಳಿದ ತಕ್ಷಣ ನಾನೇ ಆರಿಸುತ್ತೇನೆ. ಯಾವಾಗ ಆರಬೇಕೆಂದು ಒಲೆ ನನಗೆ ಹೇಳುವುದು ಬೇಡ.

ಈಗ ದೊಡ್ಡ ಸುದ್ದಿ. ಇಲ್ಲಿಯ ಸೈಕಲ್ ಕ್ಲಬ್ಬಿನವರು ಡಿಸೆಂಬರ್ ಹದಿನಾಲ್ಕಕ್ಕೆ ಸೂರತ್ತಿನಿಂದ ವಡೋದರಾಕ್ಕೆ ಸವಾರಿ ಇಟ್ಟಿದ್ದಾರೆ. ನೂರೈವತ್ತು ಕಿಲೋಮೀಟರು, ಹನ್ನೊಂದು ಗಂಟೆಯೊಳಗೆ ಮುಗಿಸಬೇಕು. ಆ್ಯಪಿನ ಗೆರೆಯೇ ಸಾಕ್ಷಿ. ಮುಗಿಸಿದವರ ಹೆಸರು ಪಟ್ಟಿಯಲ್ಲಿ ಬರುತ್ತದೆ, ಪ್ರಮಾಣಪತ್ರವೂ ಉಂಟು. ನಾನು ಹೆಸರು ಕೊಟ್ಟಿದ್ದೇನೆ.

ಏಕೆ ಎಂದು ಕೇಳಬೇಡ, ನಾನೇ ಹೇಳುತ್ತೇನೆ. ಹೋಟೆಲಿನ ಬೋರ್ಡಿನಲ್ಲಿ ನಿನ್ನ ಅಜ್ಜನ ಹೆಸರು. ಲೈಸೆನ್ಸಿನಲ್ಲಿ ಅಪ್ಪಯ್ಯನದು. ಜನ ತಿನ್ನುವುದು ಶಂಕರ್‌ಭಾಯಿಯ ಸಾಂಬಾರು, ಹೊಗಳುವುದು ಶಂಕರ್‌ಭಾಯಿಯ ಕೈಗುಣ. ಅಪ್ಪಯ್ಯನ ಕೈ ಸೌಟು ಹಿಡಿದದ್ದನ್ನು ನೀನು ನೋಡಿದ್ದೀಯಾ? ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ನಾನು ಮಾಡಿದ್ದು ಎಂದು ನನ್ನ ಹೆಸರು ಬರೆದ ಒಂದು ಕಾಗದವಾದರೂ ಈ ಲೋಕದಲ್ಲಿ ಇರಬೇಕು ಎಂದು ಆಸೆಯಾಗಿದೆ. ಇಷ್ಟು ವರ್ಷ ಆಗಿರಲಿಲ್ಲ, ಈಗ ಆಗಿದೆ.

ಹೊರಟುನಿಂತ,
ಅಮ್ಮ


ಉಧ್ನಾ
16 ಡಿಸೆಂಬರ್ 2025

ಮಗಾ,

ಫೋನ್ ಎತ್ತದಿದ್ದಕ್ಕೆ ಬೇಸರಿಸಬೇಡ. ಇದನ್ನು ಬಾಯಲ್ಲಿ ಹೇಳಲಾರೆ, ಬರೆಯಬಲ್ಲೆ.

ಮುಗಿಸಿದೆ. ಬೆಳಿಗ್ಗೆ ಐದೂವರೆಗೆ ತಾಪಿ ನದಿ ದಾಟಿ ಹೊರಟವಳು ಸಂಜೆ ನಾಲ್ಕಾಗುವುದಕ್ಕೆ ಹತ್ತು ನಿಮಿಷ ಇರುವಾಗ ವಡೋದರಾ ಮುಟ್ಟಿದೆ. ಹತ್ತು ಗಂಟೆ ಇಪ್ಪತ್ತು ನಿಮಿಷ. ಇನ್ನೂ ನಲವತ್ತು ನಿಮಿಷ ಉಳಿದಿತ್ತು.

ಆದರೂ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.

ಭರೂಚಿನಲ್ಲಿ ನರ್ಮದೆಯ ಸೇತುವೆ ದಾಟಿ, ಒಂದು ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆ. ಇಳಿದ ಕೂಡಲೇ ಮೂಕನನ್ನು ಆರಿಸಿದೆ. ಹೇತಲ್‌ಬೆನ್ ಬೇಗ ಉಂಡು ಮುಂದೆ ಹೋದರು. ನಾನು ಚಹಾ ಕುಡಿದು, ನದಿಯನ್ನೊಮ್ಮೆ ಹಿಂದಿರುಗಿ ನೋಡಿ ಹೊರಟೆ. ಕರ್ಜನ್‌ನಲ್ಲಿ ನೀರು ತುಂಬಿಸಲು ಇಳಿದವಳು ಅಭ್ಯಾಸದಂತೆ ಆರಿಸಲು ಫೋನ್ ತೆಗೆದೆ. ಅದು ಆರಿಯೇ ಇತ್ತು. ಮೂವತ್ತೆಂಟು ಕಿಲೋಮೀಟರು ಅದು ಚೀಲದಲ್ಲಿ ಮಲಗಿತ್ತು ಮಗಾ, ನಾನು ಬಿಸಿಲಿನಲ್ಲಿ ತುಳಿಯುತ್ತಿದ್ದೆ. ಒಲೆ ಆರಿಸುವುದನ್ನು ಮಾತ್ರ ಕಲಿತ ಕೈಗೆ ಹಚ್ಚುವುದು ನೆನಪಾಗಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಪಾರೇಖ್‌ಭಾಯಿ ಗೆರೆ ನೋಡಿದರು. ಐದು ಕಿಲೋಮೀಟರಿಗಿಂತ ಹೆಚ್ಚು ತುಂಡಾಗಿದ್ದರೆ ಒಪ್ಪುವುದಿಲ್ಲವಂತೆ. ಹಿಂದೆ ಯಾರೋ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದರಂತೆ. "ನಿಯಮ್ ಎಟಲೆ ನಿಯಮ್, ಬೆನ್" ಎಂದು ಕೈ ಮುಗಿದರು. ನಿಯಮ ಅಂದರೆ ನಿಯಮ. ಒಳ್ಳೆಯ ಮನುಷ್ಯ. ನಾನು ವಾದ ಮಾಡಲಿಲ್ಲ. ಬೆಳಿಗ್ಗೆಯ ಚಟ್ನಿ ಸಂಜೆ ಬಡಿಸಬಾರದು ಎಂದು ನಾನೂ ನಿಯಮ ಮಾಡಿದ್ದೇನೆ, ಎಷ್ಟು ಜನ ಕೈ ಮುಗಿದರೂ ಬಡಿಸುವುದಿಲ್ಲ.

ನೀನು ಆ ಗುಂಡಿ ಆನ್ ಮಾಡು ಎಂದಿದ್ದೆ. ಹೇಳಿದ್ದೆನಲ್ಲ ಎಂದು ಬರೆಯಬೇಡ.

ಸೋತಿಲ್ಲದ,
ಅಮ್ಮ


ಮಣಿನಗರ
20 ಡಿಸೆಂಬರ್ 2025

ಅಮ್ಮ,

ಹೇಳಿದ್ದೆನಲ್ಲ ಎಂದು ಬರೆಯುವುದಿಲ್ಲ. ನನ್ನ ಅಮ್ಮ ನೂರೈವತ್ತು ಕಿಲೋಮೀಟರ್ ಸೈಕಲ್ ತುಳಿದಳು ಎಂದು ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ವಿಭಾಗದ ಹಿರಿಯರು ಉಮಾಕಾಂತ ಸರ್ ಧಾರವಾಡದವರು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಸವಾರಿಯ ಫೈಲನ್ನು ನನಗೆ ಕಳಿಸು. ತುಂಡಾಗಿದ್ದರೂ ಪರವಾಗಿಲ್ಲ. ನನಗೆ ಬೇಕು.

ಅರ್ಚಿತಾ


ಉಧ್ನಾ
8 ಜನವರಿ 2026

ಬಂಗಾರದಂಥ ಮಗಳೇ,

ಇವತ್ತು ಅಂಚೆಯಲ್ಲಿ ಏನು ಬಂತು ಗೊತ್ತೇ? ಪ್ರಮಾಣಪತ್ರ! ದಪ್ಪ ಕಾಗದ, ನಡುವೆ "ಜಯಂತಿಬೆನ್" ಎಂದು ನನ್ನ ಹೆಸರು. ಜತೆಗೆ ಪಾರೇಖ್‌ಭಾಯಿಯವರ ಚೀಟಿ: ನಿಮ್ಮ ಮಗಳು ಕಳಿಸಿದ ಪೂರ್ತಿ ದಾಖಲೆ ತಲುಪಿತು, ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸಿದ್ದೇವೆ, ಕ್ಷಮಿಸಿ ಎಂದು.

ಫೋನಿನ ಹೊಟ್ಟೆಯಲ್ಲಿ ಅಡಗಿದ್ದ ಗೆರೆಯನ್ನು ಹೇಗೆ ಹೊರಗೆ ತೆಗೆದೆ? ನಿನ್ನಂಥ ಮಗಳನ್ನು ಹೆತ್ತದ್ದಕ್ಕೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅಪ್ಪಯ್ಯ ಫ್ರೇಮ್ ಹಾಕಿಸಿ ಕೌಂಟರಿನ ಮೇಲೆ ತೂಗುಹಾಕಿದರು. ಬಂದವರಿಗೆಲ್ಲ ಇವತ್ತು ಕೇಸರಿಬಾತ್. ಯಾರಾದರೂ ಏನು ವಿಶೇಷ ಎಂದು ಕೇಳಲಿ ಎಂದು ಅಪ್ಪಯ್ಯ ಕಾಯುತ್ತಾ ಕುಳಿತಿದ್ದಾರೆ. ಕೇಳದವರಿಗೆ ತಾವೇ ಹೇಳುತ್ತಿದ್ದಾರೆ.

ಹಿಗ್ಗಿನಲ್ಲಿರುವ,
ಅಮ್ಮ


ಉಧ್ನಾ
12 ಜನವರಿ 2026

ಅರ್ಚಿತಾ,

ನಿನ್ನೆ ಹೇತಲ್‌ಬೆನ್ ಬಂದು ಕ್ಲಬ್ಬಿನ ಪುಟದಲ್ಲಿ ನನ್ನ ಸವಾರಿ ತೋರಿಸಿದರು. ಭರೂಚಿನಿಂದ ಕರ್ಜನ್‌ವರೆಗೆ ಚಂದದ ಗೆರೆ. ಕೆಳಗೆ ವೇಗದ ಪಟ್ಟಿ. ಅಲ್ಲಿ ಸ್ವಲ್ಪ ಏರು, ಇಲ್ಲಿ ಸ್ವಲ್ಪ ಇಳಿತ, ಎಷ್ಟು ಸಹಜ! ಒಂದೇ ಒಂದು ಕಡೆಯೂ ನಿಂತಿಲ್ಲ.

ನಾನು ನಿಂತಿದ್ದೆ.

ನಿನಗೆ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಭರೂಚ್ ಬಿಟ್ಟು ಮುಂದೆ, ಪಾಲೇಜಿನ ಹತ್ತಿರ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಸೈಕಲ್ಲನ್ನು ಮೋರಿಯ ಕಟ್ಟೆಗೆ ಒರಗಿಸಿ ಕುಳಿತೆ. ಲಾರಿಗಳು ಹೋಗುತ್ತಿದ್ದವು, ಪ್ರತಿ ಲಾರಿಗೂ ಕಟ್ಟೆ ನಡುಗುತ್ತಿತ್ತು. ಅತ್ತೆ ಕೂಡ. ಹೌದು, ಅತ್ತುಬಿಟ್ಟೆ. ಇದು ಸಾಂಬಾರು ಮಾಡುವವಳ ಕೆಲಸವಲ್ಲ, ಒಂದು ಟೆಂಪೋಕ್ಕೆ ಕೈ ಮಾಡಿದರೆ ಮುಗಿಯಿತು ಎನ್ನಿಸಿತು. ಒಂದು ಟೆಂಪೋ ತಾನಾಗಿಯೇ ನಿಂತಿತು ಕೂಡ. ಡ್ರೈವರ್, "ಮಾಸಿ, ಬೇಸಿ ಜಾವ್" ಎಂದು ಹಿಂದಿನ ಬಾಗಿಲು ತೆರೆದ. ಹತ್ತಿ ಕುಳಿತುಕೋ ಎಂದ. ಯಾರೂ ನೋಡುತ್ತಿರಲಿಲ್ಲ ಮಗಾ. ಮೂಕ ಕೂಡ ನೋಡುತ್ತಿರಲಿಲ್ಲ, ಆಗ ನನಗೆ ಅದು ಗೊತ್ತಿರಲಿಲ್ಲ ಅಷ್ಟೆ. ಬೇಡಪ್ಪಾ ಎಂದೆ. ಉಪ್ಪು ಹಾಕಿದ ಮಜ್ಜಿಗೆಯ ಬಾಟಲಿ ಇತ್ತು, ಕುಡಿದೆ, ಕಾಲು ಉಜ್ಜಿಕೊಂಡೆ. ಇಪ್ಪತ್ತು ನಿಮಿಷದ ಮೇಲೆ ಎದ್ದೆ.

ನೂರೈವತ್ತು ಕಿಲೋಮೀಟರಿನಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅಲ್ಲಿಂದ ಎದ್ದದ್ದು. ನಿನ್ನ ಗೆರೆ ಅದನ್ನು ಇಸ್ತ್ರಿ ಹೊಡೆದು ಅಳಿಸಿಬಿಟ್ಟಿದೆ. ಗೆರೆ ಸಿಕ್ಕಿದ್ದಲ್ಲ, ನೀನು ಕುಳಿತು ಬರೆದದ್ದು. ಹೌದೋ ಅಲ್ಲವೋ?

ನಿನ್ನ ಆಫೀಸಿನಲ್ಲಿ ಹೀಗೆ ಮಾಡುತ್ತೀಯಾ? ಆಕಾಶದಿಂದ ಬಾರದ್ದನ್ನು ಬಂತು ಎಂದು ಬರೆಯುತ್ತೀಯಾ? ಅಲ್ಲಿ ಮಾಡದ್ದನ್ನು ಅಮ್ಮನಿಗಾಗಿ ಮಾಡಿದೆ ಎಂದರೆ ಅಮ್ಮನ ಸವಾರಿ ಅಷ್ಟು ಅಗ್ಗವೇ?

ಫ್ರೇಮ್ ಕೆಳಗಿಳಿಸಿದ್ದೇನೆ. ಅಪ್ಪಯ್ಯನಿಗೂ ಹೇಳಿದೆ. ಕೇಸರಿಬಾತ್ ತಿಂದವರಿಗೆ ಏನು ಹೇಳಲಿ ಎಂದು ತಲೆ ಕೆರೆದುಕೊಂಡರು. ಇದ್ದದ್ದು ಇದ್ದಹಾಗೆ ಹೇಳಿ ಎಂದೆ. ಪಾರೇಖ್‌ಭಾಯಿಗೆ ನೀನೇ ಬರೆ. ನನ್ನ ಹೆಸರು ನನಗೆ ಬೇಕು, ಆದರೆ ಹೀಗೆ ಬೇಡ.

ಅಮ್ಮ


ಮಣಿನಗರ
1 ಫೆಬ್ರವರಿ 2026

ಅಮ್ಮ,

ಇಷ್ಟು ದಿನ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ಹೌದು. ನಾನೇ ಬರೆದ ಗೆರೆ. ಆ ಹೊತ್ತಿನ ನಿನ್ನ ಸರಾಸರಿ ವೇಗ ಲೆಕ್ಕ ಹಾಕಿ, ಸೆಕೆಂಡು ಸೆಕೆಂಡಿಗೆ ಕಾಳು ಇಟ್ಟೆ. ಸಹಜವಾಗಿ ಕಾಣಲಿ ಎಂದು ಸ್ವಲ್ಪ ಅಲುಗಾಡಿಸಿದೆ. ಒಂದು ಗಂಟೆಯ ಕೆಲಸ. ಮಾಡುವಾಗ ನನಗೆ ಖುಷಿಯೇ ಆಯಿತು. ನೀನು ತುಳಿದದ್ದು ನಿಜ, ನಾನು ನಿಜವನ್ನೇ ಬರೆಯುತ್ತಿದ್ದೇನೆ ಎಂದುಕೊಂಡೆ.

ನಮ್ಮ ಆಫೀಸಿನಲ್ಲೂ ಮಾಹಿತಿಯಲ್ಲಿ ಸಂದು ಬೀಳುತ್ತದೆ. ತುಂಬಬಹುದು. ಆದರೆ ಅಲ್ಲಿ ‘ಇದು ತುಂಬಿದ್ದು’ ಎಂದು ಗುರುತು ಹಾಕಲೇಬೇಕು. ಗುರುತು ಹಾಕದಿದ್ದರೆ ಕೆಲಸ ಹೋಗುತ್ತದೆ. ನಾನು ಗುರುತು ಹಾಕಲಿಲ್ಲ. ಇಪ್ಪತ್ತು ನಿಮಿಷ ನೀನು ಕಟ್ಟೆಯ ಮೇಲೆ ಅಳುತ್ತಿದ್ದೆ, ನಾನು ಅಲ್ಲಿ ನಿನ್ನನ್ನು ಗಂಟೆಗೆ ಹದಿನಾರು ಕಿಲೋಮೀಟರಿನಲ್ಲಿ ಓಡಿಸುತ್ತಿದ್ದೆ.

ಪಾರೇಖ್‌ಭಾಯಿಗೆ ಬರೆಯಲಿಲ್ಲ. ಹೋದ ಶನಿವಾರ ರೈಲು ಹತ್ತಿ ಸೂರತ್ತಿಗೇ ಬಂದೆ. ಅವರ ಅಂಗಡಿಗೆ ಹೋಗಿ ಎದುರಿಗೇ ಹೇಳಿದೆ. ನಿನ್ನನ್ನು ನೋಡದೆ ವಾಪಸ್ ಹೋದೆ, ನೋಡುವ ಧೈರ್ಯ ಇರಲಿಲ್ಲ. ಸಂಶೋಧನಾ ಸಂಸ್ಥೆಯವಳು ಎಂದು ನಂಬಿದ್ದೆ ಎಂದರು ಪಾರೇಖ್‌ಭಾಯಿ. ಅದು ಚುಚ್ಚಿತು. ಆಮೇಲೆ, ಹೆಸರು ಹಾಕಿ ಎಂದು ಜಗಳ ಮಾಡಿದವರು ಬಹಳ, ತೆಗೆಯಿರಿ ಎಂದು ಹೇಳಿ ಕಳಿಸಿದವರು ನಿನ್ನ ಅಮ್ಮ ಒಬ್ಬರೇ ಎಂದರು. ಫೆಬ್ರವರಿ ಹದಿನೈದಕ್ಕೆ ಮತ್ತೆ ವಡೋದರಾ ಸವಾರಿ ಇದೆ, ಅವರಿಗೆ ತಿಳಿಸು ಎಂದರು.

ನನಗೆ ನಾಚಿಕೆಯಾಯಿತು. ನಿನ್ನ ಮೇಲೆ ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆಗುತ್ತದೆಯೇ ಅಮ್ಮ?

ತಪ್ಪು ಮಾಡಿದ,
ಅರ್ಚಿತಾ


ಉಧ್ನಾ
8 ಫೆಬ್ರವರಿ 2026

ನನ್ನ ಮಗಾ,

ಆಗುತ್ತದೆ. ನಿನ್ನ ಕಾಗದ ಓದಿದಾಗ ನನಗೂ ಹಾಗೆಯೇ ಆಯಿತು. ಸೂರತ್ತಿಗೆ ಬಂದು ಮನೆಗೆ ಬಾರದೆ ಹೋದೆಯಲ್ಲ, ಅದಕ್ಕೆ ಬೈಗುಳ ಬಾಕಿ ಇದೆ, ಎದುರಿಗೆ ಸಿಕ್ಕಾಗ ಬಡಿಸುತ್ತೇನೆ. ಆದರೆ ಎದುರಿಗೆ ನಿಂತು ಒಪ್ಪಿಕೊಂಡೆಯಲ್ಲ, ಅದು ನನ್ನ ಮಗಳು. ಆ ಗೆರೆ ಬರೆದವಳು ಯಾರೋ, ನನಗೆ ಪರಿಚಯವಿಲ್ಲ.

ಹದಿನೈದಕ್ಕೆ ಹೋಗುತ್ತೇನೆ. ಹೆಸರು ಕೊಟ್ಟಾಯಿತು. ಕಾಲು ಹಿಡಿಯಬಹುದು, ಟಯರು ಪಂಕ್ಚರಾಗಬಹುದು, ಹನ್ನೊಂದು ಗಂಟೆ ಮೀರಬಹುದು. ಮೀರಿದರೆ ಮೀರಿತು ಎಂದು ಬಾಯಲ್ಲಿ ಹೇಳುತ್ತೇನೆ, ಒಳಗೆ ಹಾಗಿಲ್ಲ. ಈ ಸಲ ಆಗದಿದ್ದರೆ ಮೊದಲಿನದಕ್ಕಿಂತ ಹೆಚ್ಚು ನೋವಾಗುತ್ತದೆ ಎಂದು ನನಗೆ ಗೊತ್ತು.

ಯಾವ ಆ್ಯಪ್ ಎಂದು ಈ ಸಲ ನೀನೇ ಹೇಳು. ಶಹಬ್ಬಾಸೋ, ವಾಚಾಳಿಯೋ, ಯಾವುದಾದರೂ ಸರಿ. ನಾನು ಎಲ್ಲಿದ್ದೇನೆ ಎಂದು ನಿನಗೆ ಕಾಣಬೇಕೆಂದಿದ್ದರೆ ಹಾಗೂ ಆಗಲಿ. ಹೆದರಿಕೆ ಎಂದು ನೀನು ಕನ್ನಡದಲ್ಲಿ ಬರೆದಿದ್ದೆ, ನಾನು ತಮಾಷೆ ಮಾಡಿ ತಳ್ಳಿದೆ. ಅದು ನನ್ನ ತಪ್ಪು.

ಅಮ್ಮ


ಮಣಿನಗರ
11 ಫೆಬ್ರವರಿ 2026

ಅಮ್ಮ,

ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ, ಹದಿನೈದರೊಳಗೆ ಸಿಗಲಿ ಎಂದು.

ಮೂಕನೇ ಇರಲಿ. ಅದು ನಿನ್ನ ಆಯ್ಕೆ, ಸರಿಯಾದ ಆಯ್ಕೆಯೇ. ತಾನೇ ನಿಲ್ಲುವ ಗುಂಡಿಯನ್ನು ಮಾತ್ರ ಆನ್ ಮಾಡು. ನಾನು ನೋಡುವುದಿಲ್ಲ. ಆ ದಿನ ನನಗೆ ಆಫೀಸಿನಲ್ಲಿ ಪರೀಕ್ಷೆಯ ಕೆಲಸ, ಬರಲೂ ಆಗುವುದಿಲ್ಲ. ಹೆದರುತ್ತೇನೆ, ಆದರೆ ಕಾಯುತ್ತೇನೆ.

ಅರ್ಚಿತಾ


ಉಧ್ನಾ
16 ಫೆಬ್ರವರಿ 2026

ಅರ್ಚಿತಾ,

ನಿನ್ನ ಅಮ್ಮ ಮಲಗಿದ್ದಾಳೆ. ಎಬ್ಬಿಸಬೇಡ, ಫೋನ್ ಮಾಡಬೇಡ. ಇವತ್ತು ಸಾಂಬಾರು ನಾನೇ ಮಾಡಿದೆ. ಗಿರಾಕಿಗಳು ಏನೂ ಹೇಳಲಿಲ್ಲ, ಆದರೆ ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ಸೊಟ್ಟವಾದರೆ ಸಹಿಸಿಕೋ. ಇದನ್ನು ನಾನೇ ಬರೆಯಬೇಕು.

ನಿನ್ನೆ ಹೋಟೆಲ್ ಮುಚ್ಚಿದೆ. ಭಾನುವಾರ ನಾವು ಮುಚ್ಚಿದ್ದು ನಿನಗೆ ನೆನಪಿದೆಯಾ? ನನಗೂ ಇಲ್ಲ. ಬಾಗಿಲಿಗೆ ಬೋರ್ಡು ಬರೆದು ಹಾಕಿದೆ: ಇಂದು ರಜೆ, ಅಡುಗೆಯವರು ಸೈಕಲ್ಲಿನಲ್ಲಿ ವಡೋದರಾಕ್ಕೆ ಹೋಗಿದ್ದಾರೆ. ನಾನು ರೈಲು ಹಿಡಿದು ಮಧ್ಯಾಹ್ನಕ್ಕೆ ಅಲ್ಲಿಗೆ ಹೋದೆ. ಅವಳಿಗೆ ತಿಳಿಸಿರಲಿಲ್ಲ.

ಮೂರು ಗಂಟೆ ಆಯಿತು. ಮೂರೂವರೆ ಆಯಿತು. ಒಬ್ಬೊಬ್ಬರೇ ಬರುತ್ತಿದ್ದರು. ಹೇತಲ್‌ಬೆನ್ ಬಂದರು, ಇವಳಿಲ್ಲ. ನಾಲ್ಕಾಯಿತು. ನಾನು ಮೂರು ಕಪ್ ಚಹಾ ಕುಡಿದೆ, ಒಂದರ ರುಚಿಯೂ ಗೊತ್ತಾಗಲಿಲ್ಲ. ನಾಲ್ಕು ಹದಿನೆಂಟಕ್ಕೆ ತಿರುವಿನಲ್ಲಿ ಕಂಡಳು. ನಾಲ್ಕೂವರೆಗೆ ಗಡುವು ಮುಗಿಯುತ್ತಿತ್ತು. ಮುಖವೆಲ್ಲ ಧೂಳು, ಮೊಣಕೈ ತರಚಿತ್ತು. ಅಂಕಲೇಶ್ವರದ ಹತ್ತಿರ ಬಿದ್ದಳಂತೆ. ಎದ್ದಳಂತೆ.

ಫೋನ್ ತೋರಿಸಿದಳು. ಪಾರೇಖ್‌ಭಾಯಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಿನಿಂದ ಎಳೆದು ನೋಡಿದರು. ಎಲ್ಲೂ ತುಂಡಾಗಿರಲಿಲ್ಲ. ತಲೆ ಆಡಿಸಿ ಪಟ್ಟಿ ಬರೆಯುವವರ ಕಡೆ ಕೈ ತೋರಿಸಿದರು. ಅವರು ಕನ್ನಡಕದ ಹಿರಿಯರು, ಹೊಸಬರು. ಹೆಸರು ಎಂದು ಕೇಳಿದರು. ಇವಳಿಗೆ ಉಸಿರು ಇರಲಿಲ್ಲ, ಕೈಯಲ್ಲಿ ನೀರಿನ ಬಾಟಲಿ. ನಾನು ಮುಂದೆ ಹೋದೆ.

ಮದುವೆಯಾಗಿ ಮೂವತ್ತೊಂದು ವರ್ಷ. ನಾಲ್ಕು ಜನರೆದುರು ನಾನು ಅವಳ ಹೆಸರು ಹೇಳಿದ್ದಿಲ್ಲ. ‘ಹ್ವಾಯ್’ ಅಂದರೆ ತಿರುಗುತ್ತಿದ್ದಳು, ನೀನು ಹುಟ್ಟಿದ ಮೇಲೆ ‘ಅರ್ಚಿತಾನ ಅಮ್ಮ’. ನಿನ್ನೆ "ಜಯಂತಿ" ಎಂದೆ. ಸ್ವಲ್ಪ ಜೋರಾಗಿಯೇ ಬಂತು. ಅವಳು ಬಾಟಲಿ ಕೆಳಗಿಳಿಸಿ ನನ್ನನ್ನು ನೋಡಿದಳು.

ಅವರು ಬರೆದುಕೊಂಡು, "ಪತಿನುಂ ನಾಮ್?" ಎಂದು ಪೆನ್ನು ಎತ್ತಿ ಕಾದರು. ಇಲ್ಲಿ ಹೆಂಗಸರ ಹೆಸರಿನ ಜತೆ ಗಂಡನ ಹೆಸರು ಬರೆಯುವ ಪದ್ಧತಿ, ನಿನಗೆ ಗೊತ್ತಲ್ಲ.

"ಅದು ಬೇಡ" ಎಂದೆ. "ಗಂಡ ತುಳಿದಿಲ್ಲ. ಗಂಡ ರೈಲಿನಲ್ಲಿ ಬಂದಿದ್ದಾನೆ."

ನಿನ್ನ ಅಪ್ಪಯ್ಯ,
ಶಂಕರನಾರಾಯಣ